ಪಡುವಲಕ್ಕೆ ಇಟ್ಟ ಗಂಟು

ಈಗಲೂ ಏಪ್ರಿಲ್ ತಿಂಗಳು, ಈ ದೇಶದಲ್ಲಿ ಎಲೆ ಉದುರುವ ಕಾಲ, ಬಂತೆಂದರೆ ನಾವು ಹಣ್ಣೆಲೆ ನೋಡಲು ಹೊರಡುತ್ತೇವೆ. ನಾವೀಗ ಇರುವ ಕ್ರಾನ್‌ಬರ್ನ್‌ನ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೆಂಪು ಮರದ ಕೆಳಗೆ ನಿಂತ ಫೋಟೊ ಹಾಕುತ್ತಾರೆ. ಅದರ ಕೆಳಗೆ "ಈ ವೀಕೆಂಡೇ ಹೋಗಿ, ಮುಂದಿನ ವಾರ ಎಲ್ಲಾ ಉದುರಿರುತ್ತೆ" ಎಂಬ ಎಚ್ಚರಿಕೆ ಇರುತ್ತದೆ. ಅಷ್ಟಕ್ಕೇ ನನ್ನ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಹಿಂದಿನ ದಿನವೇ ಚಪಾತಿ ಹಿಟ್ಟು ಕಲಸಿಡುತ್ತೇನೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಒಳಗೆ ಹೋಗಿ ನೋಡುತ್ತೇನೆ, ಕಾರು ಬೀದಿ ತಿರುಗಿದ ಮೇಲೆ ಯಾರನ್ನೋ ಬಿಟ್ಟು ಬಂದೆನೆಂದು ಹಿಂದಿನ ಸೀಟಿನತ್ತ ಹೊರಳುತ್ತೇನೆ. ಮುಂದಿನ ಸೀಟು ಅವ್ವನದು. ಎಪ್ಪತ್ತು ದಾಟಿದರೂ ದಾರಿ ಹೇಳುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ಫೋನು ಬಾಯಿ ತೆರೆಯುವ ಮುಂಚೆ "ಎಡಕ್ಕ" ಅಂದುಬಿಡುತ್ತಾಳೆ. ಫೋನೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ, ಸೋತವರನ್ನು ನೋಡುವ ಹಾಗೆ ಅದನ್ನು ನೋಡುತ್ತಾಳೆ.

"ಅಜ್ಜೀ, ಜಸ್ಟ್ ಚಿಲ್. ಇಟ್ ನೋಸ್ ದ ವೇ," ಎನ್ನುತ್ತಾಳೆ ನನ್ನ ಮಗಳು.

"ಅದಕ್ಕ ದಾರಿ ಗೊತ್ತದ. ದಿಕ್ಕು ಗೊತ್ತಿಲ್ಲ," ಎನ್ನುತ್ತಾಳೆ ಅವ್ವ.

ಮಗಳಿಗೆ ಇದು ಮುದುಕಿಯ ಹಟ. ನಾನು ಮಾತ್ರ ನಗುವುದಿಲ್ಲ. ದಿಕ್ಕು ಗೊತ್ತಿದ್ದವಳ ಹಿಂದಿನ ಸೀಟಿನಲ್ಲಿ ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ಕೂತು ಹೋಗಿದ್ದೇನೆ. ಅಂದು ಅವಳು ಹೇಳಿದ ಒಂದು "ಎಡಕ್ಕ"ದಿಂದ ನನ್ನ ಬಾಳು ಯಾವ ದೇಶದಲ್ಲಿ ಕಳೆಯಬೇಕೆಂಬುದು ತೀರ್ಮಾನವಾಯಿತು. ಅದನ್ನು ಹೇಳಬೇಕಾದರೆ ಮೊದಲು ಆಗ ನಾವಿದ್ದ ಮನೆಯನ್ನು ಹೇಳಬೇಕು.

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ರೈಲು ಹಳಿಯ ಹತ್ತಿರದ ಬಾಡಿಗೆ ಮನೆ ಅದು. ಗೋಡೆಗಳು ಇಟ್ಟಿಗೆಯವಲ್ಲ, ತೆಳ್ಳನೆಯ ಸಿಮೆಂಟು ಹಾಳೆಯವು. ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಯವರು ನೀರು ತಂದುಕೊಡುವಷ್ಟು ತೆಳ್ಳಗೆ. ಅಪ್ಪ ಹುಬ್ಬಳ್ಳಿಯಲ್ಲಿ ಎಂಜಿನಿಯರು, ಇಲ್ಲಿ ಕೇಬಲ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಏಳುತ್ತಿದ್ದುದು ಹೊತ್ತು ಇಳಿದ ಮೇಲೆ. ಅವನ ಕಿಟಕಿಗೆ ಊರಿನಿಂದ ತಂದ ಜಮಖಾನೆಯನ್ನು ಮೊಳೆ ಹೊಡೆದು ಬಿಗಿದಿದ್ದೆವು. ಹಗಲಲ್ಲಿ ನಮ್ಮ ಮನೆಯ ಭಾಷೆಯೆಂದರೆ "ಶ್". ಕುಕ್ಕರ್ ಸೀಟಿ ಹೊಡೆಯುವಂತಿರಲಿಲ್ಲ, ಹಾಗಾಗಿ ಅನ್ನವನ್ನು ಬಸಿಯುತ್ತಿದ್ದರು, ಬೇಳೆಯನ್ನು ಅಪ್ಪ ಬರುವ ಮುಂಚೆಯೇ ಕೂಗಿಸಿ ಇಡುತ್ತಿದ್ದರು. ಅವ್ವ ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು. ಬಂದ ಹೊಸದರಲ್ಲಿ ಬಿಸ್ಕತ್ತು ಪ್ಯಾಕ್ ಮಾಡಿ, ಆಮೇಲೆ ಏನೇನೋ ಕೋರ್ಸು ಮಾಡಿ, ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಹಿಡಿದಿದ್ದಳು. ಮಧ್ಯಾಹ್ನ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದಳು. ನಾಲ್ಕು ಜನರಿಗೆ ನಾಲ್ಕು ಊಟದ ಹೊತ್ತು. ಟೇಬಲ್ ಮೇಲೆ ಒಂದಲ್ಲ ಒಂದು ತಟ್ಟೆ ಬುಟ್ಟಿಯ ಕೆಳಗೆ ಮುಚ್ಚಿಕೊಂಡು ಯಾರಿಗೋ ಕಾಯುತ್ತಲೇ ಇರುತ್ತಿತ್ತು. ನಾಲ್ವರೂ ಒಟ್ಟಿಗೆ ಕೂತು ಉಂಡದ್ದು ಭಾನುವಾರ ಮಾತ್ರ, ಆಗಲೂ ಯಾರಾದರೊಬ್ಬರು ಗಡಿಯಾರ ನೋಡುತ್ತಿದ್ದರು.

ನಾಲ್ಕನೆಯವಳು ಅಪ್ಪನ ಅವ್ವ, ನನ್ನ ಅಜ್ಜಿ. ಧಾರವಾಡದಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಸೀರೆಯ ಮೇಲೆ ಅಪ್ಪನ ಕೋಟು, ಕಾಲಿಗೆ ಅವ್ವನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಶಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಮನೆಗೆ ಕರೆತಂದು ತಾಲಿಪಟ್ಟಿಗೆ ಬೆಣ್ಣೆ ಹಚ್ಚಿ ತಿನ್ನಿಸಿ, ತಲೆಗೆ ಎಣ್ಣೆ ಒತ್ತಿ, ಪಿಸುಮಾತಿನಲ್ಲೇ ನನಗೆ ಮಗ್ಗಿ ಹೇಳಿಸುತ್ತಿದ್ದಳು. ಅವಳ ವೀಸಾ ಮುಗಿಯುತ್ತ ಬಂದಾಗ ಮನೆಯಲ್ಲಿ ಒಂದು ಪ್ರಶ್ನೆ ಎದ್ದು ನಿಂತಿತು. ಶಾಲೆ ಬಿಟ್ಟ ಮೇಲೆ ನಾನು ಯಾರ ಹತ್ತಿರ ಇರಬೇಕು?

ಒಂದು ಭಾನುವಾರ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ನಾನು ಅಲ್ಲಿಲ್ಲವೇನೋ ಎಂಬಂತೆ ನನ್ನ ತಲೆಯ ಮೇಲೆ ಮಾತು ನಡೆಯಿತು.

"ವೈಶಾನ್ನ ನಾ ಕರಕೊಂಡ ಹೋಗ್ತೀನಿ," ಅಂದಳು ಅಜ್ಜಿ. "ಎರಡು ವರ್ಷ ಧಾರವಾಡದಾಗ ಇರಲಿ. ಸಾಲಿ ಮನಿ ಮುಂದೇ ಅದ."

"ಎರಡು ವರ್ಷ ಹಿಂಗ ಅಂದ್ರ ಹಿಂಗ ಹೋಗ್ತಾವ," ಅಂದ ಅಪ್ಪ. "ಅಷ್ಟರಾಗ ನನಗೂ ಹಗಲ ಪಾಳಿ ಸಿಗತದ. ನಾ ಮಲಗಿರ್ತೀನಿ, ನೀ ಲ್ಯಾಬಿನಾಗ ಇರ್ತಿ. ಕೂಸಿನ್ನ ಗ್ವಾಡಿ ನೋಡ್ಕೋತಾವೇನು, ಸುಧಾ?"

ಅವ್ವ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅವಳ ಸಂಬಳವಿಲ್ಲದೆ ರೆಂಟ್ ಕಟ್ಟಲಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಕೆಲಸ ಬಿಡಬೇಕು, ಇಲ್ಲ ನನ್ನನ್ನು ಬಿಡಬೇಕು. ಮೂರನೆಯ ದಾರಿ ಯಾರಿಗೂ ಕಾಣಲಿಲ್ಲ. ಮೊದಮೊದಲು ನನಗೆ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ? ಧಾರವಾಡದಲ್ಲಿ ಸೈಕಲ್ ಕೊಡಿಸುತ್ತೇವೆಂದಿದ್ದರು, ಪೇಢೆಯ ಆಸೆ ತೋರಿಸಿದ್ದರು, ಅಲ್ಲಿ ಗಟ್ಟಿಯಾಗಿ ಕೂಗಿದರೆ ಯಾರೂ ಬೈಯುವುದಿಲ್ಲ ಎಂದು ಅಜ್ಜಿ ಆಣೆ ಮಾಡಿದ್ದಳು. ಆದರೆ ಅವ್ವ ನನ್ನ ಬೆಳೆಯದ ಉಗುರನ್ನು ಕತ್ತರಿಸಲು ಬರತೊಡಗಿದಳು. ಬಾಚಿದ ತಲೆಯನ್ನು ಬಿಚ್ಚಿ ಮತ್ತೆ ಬಾಚುವಳು. ಕೆಲಸಕ್ಕೆ ಹೊರಟವಳು ಗೇಟಿನ ತನಕ ಹೋಗಿ, ಏನೋ ಮರೆತವಳಂತೆ ಒಳಗೆ ಬಂದು, ಏನನ್ನೂ ತೆಗೆದುಕೊಳ್ಳದೆ ಹೋಗುವಳು. ಅವಳ ಚಡಪಡಿಕೆ ನನಗೂ ಅಂಟಿತು. ಶಾಲೆಯಲ್ಲಿ ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಟಿಕೆಟ್ ಬುಕ್ ಮಾಡಿಸಿಕೊಂಡು ಬಂದ. ಅಜ್ಜಿ ತನ್ನ ಪಂಚಾಂಗ ತೆರೆದವಳು ಹಣೆ ಬಡಿದುಕೊಂಡಳು.

"ಶುಕ್ರವಾರ? ಶುಕ್ರವಾರ ಪಡವಲಕ್ಕ ಶೂಲಿ ಇರ್ತದ, ಆ ದಿಕ್ಕಿಗೆ ಹೊಂಡಬಾರದು. ತಿಕೀಟು ತಗಸೋ ಮುಂದ ಒಂದು ಮಾತು ಕೇಳಬೇಕೋ ಬ್ಯಾಡೋ?"

"ಅವ್ವಾ, ವಿಮಾನದವರು ಪಂಚಾಂಗ ನೋಡಿ ಬಿಡೂದಿಲ್ಲ."

"ಬಿಡವರು ನೋಡೂದಿಲ್ಲ. ಕೂಡವರು ನೋಡಬೇಕು. ಕೂಸಿನ್ನ ಕರಕೊಂಡ ಹೊಂಟೀನಿ, ನಾ ಒಬ್ಬಾಕಿ ಅಲ್ಲ. ಪರಸ್ತಾನ ಇಡಲಿಕ್ಕೇ ಬೇಕು."

ಪ್ರಸ್ಥಾನವೆಂದರೆ ಹೊರಡುವ ದಿನ ಚೆನ್ನಾಗಿಲ್ಲದಿದ್ದಾಗ ಹಿರಿಯರು ಕಂಡುಕೊಂಡ ಉಪಾಯ. ಮುಂಚಿನ ಒಂದು ಒಳ್ಳೆಯ ದಿನ ನೋಡಿ, ಹೋಗುವವರ ಒಂದೊಂದು ಬಟ್ಟೆ, ಒಂದು ಹಿಡಿ ಅಕ್ಕಿ, ಅರಿಸಿನ ಕೊಂಬು, ಅಡಿಕೆ ಎಲ್ಲ ಸೇರಿಸಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ಮನುಷ್ಯರೂ ಹೊರಟಂತೆಯೇ. ಆಮೇಲೆ ಎಂಥ ದಿನವಾದರೂ ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಮುಂದೆ ಹೋಗಬಹುದು. ಒಂದೇ ಕಟ್ಟು: ಇಟ್ಟ ಗಂಟು ಮತ್ತೆ ಮನೆಯತ್ತ ಬರಬಾರದು. ಬಂದರೆ ಆ ಪ್ರಯಾಣ ಮುರಿಯಿತು. ಧಾರವಾಡದಲ್ಲಾದರೆ ಓಣಿಯ ತುಂಬ ಮನೆಗಳಿದ್ದವು. ಲಿವರ್‌ಪೂಲ್‌ನಲ್ಲಿ ನಮ್ಮ ಪಡುವಲಕ್ಕಿದ್ದುದು ಒಂದೇ ಮನೆ, ಆಮೇಲೆ ರೈಲು ಹಳಿ. ಆ ಮನೆಯ ಅಂಗಳದಲ್ಲಿ ಎರಡು ದೊಡ್ಡ ನಾಯಿಗಳು ಸದಾ ಬೇಲಿ ಹಾರಲು ನೋಡುತ್ತಿದ್ದವು.

"ನಾಯಿ ಬಾಯಾಗ ಇಡ್ಲೇನು ಪರಸ್ತಾನ?" ಅಂದಳು ಅಜ್ಜಿ. ಆ ಜಗಳ ವಾರವಿಡೀ ಪಿಸುಮಾತಿನಲ್ಲಿ ನಡೆಯಿತು. ಪಿಸುಮಾತಿನ ಜಗಳದಷ್ಟು ಸುಸ್ತು ಮಾಡುವಂಥದ್ದು ಇನ್ನೊಂದಿಲ್ಲ. ಕೊನೆಗೆ, ಅಷ್ಟು ದಿನ ಬಾಯಿ ಬಿಡದಿದ್ದ ಅವ್ವನೇ ಮಾತು ತೆಗೆದಳು.

"ಪಡವಲಕ್ಕ ಗುಡ್ಡ ಅದಾವಲ್ಲ. ಈಗ ಅಲ್ಲೆ ಎಲಿ ಹಣ್ಣಾಗ್ಯಾವಂತ, ಲ್ಯಾಬಿನವರು ಹೇಳತಿದ್ರು. ಶನಿವಾರ ಹೋಗಿ ಭಾನುವಾರ ಬರೂಣು. ಅತ್ಯಾರ ಗಂಟು ಅಲ್ಲೇ ಯಾರದರೆ ಮನ್ಯಾಗ ಇಟ್ರಾತು. ಅವರೂ ಈ ದೇಶದಾಗ ಏನ ನೋಡ್ಯಾರ, ನಮ್ಮ ಅಡಗಿಮನಿ ಬಿಟ್ರ?"

ಅಪ್ಪನ ಮುಖ ಜ್ವರ ಬಿಟ್ಟವರ ಮುಖದಂತಾಯಿತು. ಅಜ್ಜಿ ಪಂಚಾಂಗ ನೋಡಿ, ಶನಿವಾರ ಪಡುವಲಕ್ಕೆ ಅಡ್ಡಿಯಿಲ್ಲ ಅಂದಳು. ಸೂರ್ಯ ಮುಳುಗುವ ಕಡೆ ನಮ್ಮೂರು, ಸೂರ್ಯ ಮುಳುಗುವ ಕಡೆಯೇ ಗುಡ್ಡ. ಇದಕ್ಕಿಂತ ಸರಿಯಾದ ಜಾಗ ಇರಲಾರದು ಎಂದು ಎಲ್ಲರಿಗೂ ಅನಿಸಿತು.

ಶನಿವಾರ ಹೊತ್ತು ಹುಟ್ಟುವಾಗ ಹೊರಟೆವು. ನಮ್ಮದು ಹಳೆಯ ಬಿಳಿ ಸ್ಟೇಷನ್ ವ್ಯಾಗನ್, ಅದರ ಹಿಂದಿನ ಕಿಟಕಿ ಇಳಿಸಿದರೆ ಏರುತ್ತಿರಲಿಲ್ಲ. ಮುಂದೆ ಅವ್ವನ ತೊಡೆಯ ಮೇಲೆ ಸಿಡ್ನಿಯ ಬೀದಿಗಳ ನಕ್ಷೆಯ ದಪ್ಪ ಪುಸ್ತಕ. ಆಗ ಎಲ್ಲರ ಕಾರಿನಲ್ಲೂ ಅಂಥದೊಂದು ಇರುತ್ತಿತ್ತು. ಹಿಂದೆ ನಾನು, ಅಜ್ಜಿ, ನಮ್ಮಿಬ್ಬರ ನಡುವೆ ಚೌಕಳಿ ಪಂಚೆಯಲ್ಲಿ ಕಟ್ಟಿದ ಗಂಟು. ಕಾಲಡಿಯಲ್ಲಿ ಚಪಾತಿ, ಶೇಂಗಾ ಹಿಂಡಿ, ಒಗ್ಗರಣೆ ಹಾಕಿದ ಮೊಸರನ್ನದ ಡಬ್ಬಿಗಳು. ಅವ್ವ "ಸೀದಾ", "ಬಲಕ್ಕ", "ಎಡಕ್ಕ" ಇಷ್ಟೇ ಅನ್ನುತ್ತಿದ್ದಳು. ಅಪ್ಪ ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತ, ಎಲ್ಲೂ ನಿಲ್ಲಿಸದೆ ಓಡಿಸಿದ. ಪೆನ್ರಿತ್ ದಾಟಿ, ಹೊಳೆ ದಾಟಿ, ರಸ್ತೆ ಗುಡ್ಡ ಹತ್ತತೊಡಗಿದಾಗ ನನ್ನ ಹೊಟ್ಟೆ ತೊಳೆಸಲು ಶುರುವಾಯಿತು. ಅಜ್ಜಿ ನನಗೆ ಚೀಪಲು ನಿಂಬೆಹಣ್ಣು ಕೊಟ್ಟು, ತಾನು ಕಿಟಕಿಯಾಚೆಯ ನೀಲಗಿರಿ ಮರಗಳನ್ನು ಅನುಮಾನದಿಂದ ನೋಡುತ್ತಿದ್ದಳು.

"ಎಲ್ಲಿ ಹಣ್ಣಾಗ್ಯಾವೋ ಎಲಿ? ಎಲ್ಲಾ ಹಸರೇ ಅದಾವಲ್ಲ."

"ಇವು ಇಲ್ಲಿಯವು, ಅವ್ವಾ. ಇವು ಉದುರಸೂದಿಲ್ಲ. ಬಿಳಿಯರು ತಂದು ಹಚ್ಚಿದ ಗಿಡ ಮುಂದ ಬರ್ತಾವ. ಅವಕ್ಕಷ್ಟೇ ಬಣ್ಣ."

"ಹಂಗನು. ಬ್ಯಾರೆ ಊರಿಂದ ಬಂದವಕ್ಕೇ ಜೀವಕ್ಕ ಸಮಾಧಾನ ಇಲ್ಲ."

ಮೌಂಟ್ ವಿಲ್ಸನ್ ಎಂಬ ಆ ಊರು ಗುಡ್ಡದ ನೆತ್ತಿಯ ಮೇಲೆ ಒಂದೇ ರಸ್ತೆಯ ಊರು. ತಿರುವು ಕಳೆದ ಕೂಡಲೇ ಎರಡೂ ಬದಿಯ ಮರಗಳು ಒಮ್ಮೆಲೇ ಎದುರಾದವು. ಒಂದರ ಎಲೆ ಕುಸುಬೆ ಹೂವಿನ ಬಣ್ಣ, ಇನ್ನೊಂದರದು ತುಪ್ಪ ಕಾಯಿಸಿದ ಪಾತ್ರೆಯ ತಳದ ಬಣ್ಣ, ಮತ್ತೊಂದು ಮೂಗಿನಿಂದ ಬಂದ ರಕ್ತದಷ್ಟು ಕೆಂಪು. ಗಾಳಿ ಇರಲಿಲ್ಲ, ಆದರೂ ಎಲೆ ಬೀಳುತ್ತಲೇ ಇದ್ದವು. ನೆಲದ ಮೇಲೆ ಮೊಣಕಾಲ ತನಕ ರಾಶಿ. ಕಾಲಿಟ್ಟರೆ ಹಪ್ಪಳದ ಡಬ್ಬಿಗೆ ಕೈ ಹಾಕಿದಂತೆ ಸದ್ದು. ನಾನು ಓಡಿದೆ. ಮನೆಯಲ್ಲಿ ತಿಂಗಳುಗಟ್ಟಲೆ ತುದಿಗಾಲಲ್ಲಿ ನಡೆದವಳು ಬೇಕೆಂದೇ ಸದ್ದು ಮಾಡುತ್ತ, ಕೂಗುತ್ತ ಓಡಿದೆ. ಜನ ತೋಟಗಳ ಗೇಟಿನಲ್ಲಿಟ್ಟ ಡಬ್ಬಿಗೆ ನಾಣ್ಯ ಹಾಕಿ ಒಳಗೆ ಹೋಗುತ್ತಿದ್ದರು.

"ಉದುರಿದ ಎಲಿ ನೋಡಲಿಕ್ಕೆ ರೊಕ್ಕಾ ಕೊಡತಾರೇನು?" ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾವು ದಿನಾ ಮುಂಜಾನೆ ಎದ್ದು ಕಸಾ ಹೊಡೀತೀವಿ, ನಮಗ್ಯಾರೂ ದುಡ್ಡು ಕೊಡಲಿಲ್ಲ." ಆಮೇಲೆ ಅಂಗೈಗಿಂತ ಅಗಲದ ಎಲೆಯೊಂದನ್ನು ಆರಿಸಿ, ಸೆರಗಿನಿಂದ ಒರೆಸಿ, ಇನ್ನೊಂದಕ್ಕೆ ಜೋಡಿಸಿ, ಹುಲ್ಲುಕಡ್ಡಿಯಿಂದ ಚುಚ್ಚಿ ನೋಡಿದಳು. ಅವಳು ಚಿಕ್ಕಂದಿನಲ್ಲಿ ಮುತ್ತಲದ ಎಲೆಯ ಪತ್ರಾವಳಿ ಹಚ್ಚಿದವಳು. ಎಲೆ ಸೀಳಿತು. "ನೋಡಲಿಕ್ಕಷ್ಟೇ ಚಂದ. ಸಾರು ನಿಂದರೂದಿಲ್ಲ," ಎಂದು ಎಸೆದಳು. ಅವ್ವ ಕಾರಿಗೊರಗಿ ನನ್ನನ್ನೇ ನೋಡುತ್ತಿದ್ದಳು. ಅಷ್ಟು ದೂರ ಬಂದು ಎಲೆಯ ಕಡೆ ಒಮ್ಮೆಯೂ ನೋಡದವಳು ಅವಳೊಬ್ಬಳೇ ಇರಬೇಕು.

ರಸ್ತೆಯ ಕೊನೆಯ ಮನೆಯ ವರಾಂಡದಲ್ಲಿ ಡೊರೀನ್ ಎಂಬ ಮುದುಕಿ ಚೆಸ್ಟ್‌ನಟ್ ಕಾಯಿಗಳನ್ನು ಚೀಲಕ್ಕೆ ತುಂಬಿ ಮಾರುತ್ತಿದ್ದಳು. ಮನೆ ಪಡುವಲಕ್ಕಿದೆ, ನಾಯಿಯಿಲ್ಲ, ಮೆಟ್ಟಿಲು ತೊಳೆದಿದೆ ಎಂದು ಅಜ್ಜಿ ನೋಡಿಕೊಂಡಳು. ಅಪ್ಪ ಮೊದಲು ಎರಡು ಚೀಲ ಕಾಯಿ ಕೊಂಡ, ಹವೆಯ ಬಗ್ಗೆ ಮಾತಾಡಿದ, ಕೊನೆಗೆ ಕೆಂಪಾಗಿ ನಿಂತ.

"ಹೇಳೋ," ಅಂದಳು ಅಜ್ಜಿ.

ಅಪ್ಪ ಇಂಗ್ಲಿಷಿನಲ್ಲಿ, ನನ್ನ ತಾಯಿ ಈ ಗಂಟನ್ನು ಶುಕ್ರವಾರದ ತನಕ ನಿಮ್ಮ ಮನೆಯಲ್ಲಿ ಇಡಬೇಕೆನ್ನುತ್ತಾಳೆ, ಅದು ನಮ್ಮಲ್ಲಿ ಪ್ರಯಾಣದ ಪದ್ಧತಿ ಅಂದ. ಡೊರೀನ್ ಅಜ್ಜಿಯ ಕೋಟನ್ನೂ ಬೂಟನ್ನೂ ನೋಡಿ, ಒಳಗೇನಿದೆ ಎಂದು ಕೇಳಿದಳು. ಅಜ್ಜಿ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದಳು. ಅಕ್ಕಿ, ಅರಿಸಿನ, ಅಡಿಕೆ. ಅಜ್ಜಿಯ ಒಂದು ಕುಪ್ಪಸ. ಅದರ ಕೆಳಗೆ ನನ್ನ ಹಳದಿ ಫ್ರಾಕು. ಗುರುವಾರದಿಂದ ಅದನ್ನು ಹುಡುಕಿದ್ದೆ. ಅದು ಒಗೆಯಲು ಹೋಗಿದೆ ಅಂದಿದ್ದಳು ಅವ್ವ. ಈಗ ನೋಡಿದರೆ ನೀಟಾಗಿ ಇಸ್ತ್ರಿಯಾಗಿ, ಅವ್ವ ಮಾತ್ರ ಮಡಚುವ ರೀತಿಯಲ್ಲಿ ಮಡಚಿಕೊಂಡಿತ್ತು. ತೋಳು ಒಳಕ್ಕೆ, ಅಂಚು ಮೇಲಕ್ಕೆ. ಅಲ್ಲಿಯ ತನಕ ಧಾರವಾಡವೆಂದರೆ ಸೈಕಲ್ಲು, ಪೇಢೆ. ಆ ಕ್ಷಣ ಧಾರವಾಡವೆಂದರೆ ಅವ್ವ ನನ್ನನ್ನು ಮಡಚಿ ಕೊಟ್ಟದ್ದು ಎಂದಾಯಿತು.

"ಅಕ್ಕಿಗೆ ಇಲಿ ಬರುತ್ತವೆ," ಎಂದು ಡೊರೀನ್ ಒಳಗಿನಿಂದ ಬಿಸ್ಕತ್ತಿನ ಖಾಲಿ ಡಬ್ಬಿ ತಂದಳು. ಗಂಟು ಡಬ್ಬಿಗೆ ಹೋಯಿತು, ಡಬ್ಬಿ ಒಳಗಿನ ಶೆಲ್ಫಿಗೆ ಹೋಯಿತು. ಅಜ್ಜಿ ಕೈಮುಗಿದಳು. "ಹೊಂಟ್ವಿ ನೋಡು, ವೈಶಾ. ಇನ್ನ ನಾವು ಊರು ಬಿಟ್ಟಂಗೇ," ಅಂದಳು.

ಅಂದು ಸಂಜೆ ಗುಡ್ಡದಾಚೆಯ ಲಿತ್ಗೊ ಎಂಬ ಊರಿನ ಒಂದು ಮೋಟೆಲಿನಲ್ಲಿ ಇಳಿದೆವು. ಒಂದೇ ಕೋಣೆ, ಒಂದೇ ಹೀಟರು. ಅದರ ಸುತ್ತ ನಾಲ್ವರೂ ಕೂತು ಡಬ್ಬಿ ಬಿಚ್ಚಿದೆವು. ಯಾರೂ ಗಡಿಯಾರ ನೋಡಬೇಕಾಗಿರಲಿಲ್ಲ. ಆದರೂ ಅಪ್ಪ ಎರಡು ತುತ್ತಿಗೊಮ್ಮೆ ಎದ್ದು ಕಾರಿಗೆ ಬೀಗ ಹಾಕಿದೆಯೇ ಎಂದು ಪರದೆ ಸರಿಸಿ ನೋಡುತ್ತಿದ್ದ. ಅವ್ವ ಕಲಸಿಕೊಟ್ಟ ಮೊಸರನ್ನವನ್ನು ನಾನು ಮುಟ್ಟಲಿಲ್ಲ.

"ನನ್ನ ಫ್ರಾಕು ಯಾಕ ಕೊಟ್ಟಿ?"

"ಕೊಡಬೇಕಾಗಿತ್ತು, ಕೊಟ್ಟೆ," ಅಂದಳು ಅವ್ವ. "ಉಣ್ಣು."

ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಭಾನುವಾರ ಮಂಜು ಕವಿದಿತ್ತು. ಬರುವಾಗ ಬೇರೆ ದಾರಿ, ಗುಡ್ಡದ ಬೆನ್ನಿನ ಮೇಲೆ ಸಾಗಿ ಸೇಬಿನ ತೋಟಗಳ ನಡುವೆ ಇಳಿಯುವ ದಾರಿ. ಅದು ಮೌಂಟ್ ವಿಲ್ಸನ್‌ನ ತಿರುವನ್ನು ಮುಟ್ಟಿಯೇ ಹೋಗುತ್ತದೆ. ತಿರುವಿನ ಹಲಗೆ ಮಂಜಿನೊಳಗಿಂದ ಕಾಣಿಸಿದಾಗ ಅವ್ವ ಹೇಳಿದಳು.

"ಎಡಕ್ಕ."

ಅಪ್ಪ ವೇಗ ಇಳಿಸಿದ. "ಎಡಕ್ಕ ನಿನ್ನಿ ಹೋದ ಊರು. ಮನಿ ಸೀದಾ ಅದ."

"ಎಡಕ್ಕ ತಗೋರಿ. ಗಂಟು ತರೂಣು."

ಅಪ್ಪ ಕಾರನ್ನು ರಸ್ತೆ ಬದಿಯ ಜಲ್ಲಿಯ ಮೇಲೆ ನಿಲ್ಲಿಸಿದ. ಅವ್ವ ಪುಸ್ತಕದ ಮೊದಲ ಹಾಳೆ ತೆರೆದಳು. ಇಡೀ ಸಿಡ್ನಿ ಒಂದೇ ಪುಟದಲ್ಲಿರುವ ನಕ್ಷೆ. ಹಿಂದಕ್ಕೆ ಹೊರಳಿ ಅದನ್ನು ಅಜ್ಜಿಯ ಮುಂದೆ ಹಿಡಿದಳು.

"ಅತ್ಯಾರ, ಇದು ನಮ್ಮ ಮನಿ. ವಿಮಾನ ಹತ್ತೋದು ಇಲ್ಲೆ, ಸಮುದ್ರದ ದಂಡಿಗೆ. ಮೂಡಲಕ್ಕ ಅದ ನೋಡ್ರಿ. ಗಂಟು ಇಟ್ಟದ್ದು ಇಲ್ಲೆ ಪಡವಲಕ್ಕ, ಈ ಹಾಳಿ ಹೊರಗ. ಶುಕ್ರವಾರ ಇದನ್ನ ತಗೊಂಡು ವಿಮಾನ ಹತ್ತಬೇಕಂದ್ರ ಹೊಳ್ಳಿ ಮನಿ ಕಡೆನೇ ಬರಬೇಕು. ಮನಿ ಹಾದು ಆಚಿ ಹೋಗಬೇಕು."

ಅಜ್ಜಿ ಕನ್ನಡಕ ಹಾಕಿಕೊಂಡು ನಕ್ಷೆ ನೋಡಿದಳು. ಅವಳು ಈ ದೇಶಕ್ಕೆ ಬಂದಿಳಿದದ್ದು ಕತ್ತಲಲ್ಲಿ. ವಿಮಾನ ನಿಲ್ದಾಣ ಯಾವ ದಿಕ್ಕಿಗಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಊರು ಇರುವ ದಿಕ್ಕಿಗೇ ಊರಿನ ದಾರಿ ಎಂದು ನಂಬಿದ್ದಳು. ದಿನಾ ಕಾರು ಓಡಿಸುವ ಅಪ್ಪನಿಗೂ ಹೊಳೆದಿರಲಿಲ್ಲ.

"ನಿನಗಿದು ಯಾವಾಗ ತಿಳೀತು?"

"ಮೊದಲೇ ಗೊತ್ತಿತ್ತು."

"ಗೊತ್ತಿದ್ದು ಇಡಗೊಟ್ಟಿ? ಹೇಳಲಿಲ್ಲ ಯಾಕ?"

"ಹೇಳಿದ್ರ ಮೂಡಲಕ್ಕ ಒಂದು ಮನಿ ಹುಡುಕತಿದ್ರಿ."

ಅಜ್ಜಿಯ ಮೂಗಿನ ಹೊಳ್ಳೆ ಅರಳಿತು.

"ನನ್ನ ಶಾಸ್ತ್ರ ನನಗೇ ಕಲಸ್ತಿ?"

"ನೀವೇ ಕಲಿಸಿದ್ದು, ಅತ್ಯಾರ. ಮದಿವ್ಯಾದ ವರ್ಷ ಪಂಚಮಿಗೆ ನಮ್ಮಣ್ಣ ಬೆಳಗಾವಿಂದ ಕರೀಲಿಕ್ಕೆ ಬಂದಿದ್ದ. ನನ್ನ ಪರಸ್ತಾನ ಎದುರಿನ ಮನ್ಯಾಗ ಇಟ್ಟಿದ್ರಿ. ಆ ಮನಿ ಕೂಸು ತಿಳೀಲಾರದ ಗಂಟು ಹೊಳ್ಳಿ ತಂದು ಕೊಟ್ತು. ಮುರೀತು ಅಂದ್ರಿ. ಅಣ್ಣ ಒಬ್ಬನೇ ಹೋದ. ನಾ ಆಗ ಒಂದು ಮಾತು ಆಡಲಿಲ್ಲ." ಅವ್ವನ ಧ್ವನಿ ಏರಲಿಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. "ಇದೂ ಮುರೀಲಿ."

"ಸುಧಾ, ಏನ ಹಚ್ಚೀ ನೀನು?" ಅಂದ ಅಪ್ಪ. "ತಿಕೀಟು ಆಗ್ಯದ. ಅಕಿನ್ನ ಯಾರ ನೋಡಬೇಕು? ಅದನ್ನ ಹೇಳು."

"ನನಗ ಗೊತ್ತಿಲ್ಲ. ಆದ್ರ ಕಳಸೂದಿಲ್ಲ."

ಅಜ್ಜಿ ನನ್ನತ್ತ ತಿರುಗಿದಳು. "ನೀ ಏನಂತಿ, ವೈಶಾ? ಬರ್ತೀಯೋ ಇಲ್ಲೋ?"

ಎಲ್ಲರೂ ನನ್ನನ್ನೇ ನೋಡಿದರು. ಬರುವುದಿಲ್ಲ ಅಂದರೆ ಅಜ್ಜಿಗೆ, ಬರುತ್ತೇನೆ ಅಂದರೆ ಅವ್ವನಿಗೆ ನೋವು. ನಾನು ಬಾಯಿ ತೆರೆದೆ. "ವಾಂತಿ," ಅಂದೆ. ಬಾಗಿಲು ತೆಗೆದು ಓಡಿ, ಮಂಜಿನಲ್ಲಿ ಒಂದು ನೀಲಗಿರಿ ಮರ ಹಿಡಿದು ಬಗ್ಗಿದೆ. ಹಿಂದಿನಿಂದ ಬಂದು ಹಣೆ ಹಿಡಿದದ್ದು ಒಂದು ಕೈ, ಬೆನ್ನು ಸವರಿದ್ದು ಇನ್ನೊಂದು ಕೈ. ಹಣೆಯ ಮೇಲಿನ ಕೈ ಒರಟು, ಅದು ಅಜ್ಜಿಯದು. ಅವರಿಬ್ಬರೂ ನನ್ನ ತಲೆಯ ಮೇಲೆ ಏನೂ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ ಅಜ್ಜಿ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿ, ಕಾರಿನಲ್ಲಿದ್ದ ಅಪ್ಪನನ್ನು ಕೂಗಿದಳು. ಆರು ತಿಂಗಳಲ್ಲಿ ಅವಳು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಎಡಕ್ಕ ಹೊಳ್ಳಸೋ, ಶ್ರೀಪಾದಾ!"

ಡೊರೀನ್ ಇನ್ನೂ ಗೌನಿನಲ್ಲಿದ್ದಳು. ಇಷ್ಟು ಬೇಗ ಶುಕ್ರವಾರ ಬಂತೇ ಎಂದು ನಕ್ಕು ಡಬ್ಬಿ ತಂದಳು. ಅಜ್ಜಿ ಗಂಟಿನಿಂದ ನನ್ನ ಫ್ರಾಕನ್ನು ಮಾತ್ರ ಎಳೆದು ಅವ್ವನ ಕೈಗೆ ಕೊಟ್ಟು, ತನ್ನ ಕುಪ್ಪಸವನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

"ನಂದು ಇಲ್ಲೇ ಇರಲಿ. ನಾ ಹೋಗಾಕಿನೇ. ಇಟಗೋ ಅನ್ನು ಅಕಿಗೆ."

"ಮತ್ತ ಯಾವಾಗ ತಗೊಳ್ಳೋದು?" ಅಂದ ಅಪ್ಪ.

"ಮತ್ತೊಮ್ಮಿ ಬಂದಾಗ."

ಅವಳು ಮತ್ತೊಮ್ಮೆ ಬರಲಿಲ್ಲ. ಆದರೆ ಶುಕ್ರವಾರದ ಶೂಲೆ ಅವಳಿಗೆ ಏನೂ ಮಾಡಲಿಲ್ಲ. ಒಬ್ಬಳೇ ವಿಮಾನ ಹತ್ತಿ, ಧಾರವಾಡ ಮುಟ್ಟಿ, ಬಹಳ ವರ್ಷ ಗಟ್ಟಿಯಾಗಿ ಬದುಕಿದಳು. ಆ ಭಾನುವಾರ ಗುಡ್ಡ ಇಳಿಯುವಾಗ ಅವಳು ಅಪ್ಪನ ಬೆನ್ನಿಗೆ ಬಿದ್ದಳು.

"ಕೂಸು ಸಾಲಿಂದ ಬರೋ ಹೊತ್ತಿಗೆ ಎದ್ದು ಕೂಡು. ಮನಿ ಯಜಮಾನ ಹಗಲೆಲ್ಲಾ ಮಲಗೂದು ಎಂಥಾ ಸಂಸಾರ?"

"ಅವ್ವಾ, ರಾತ್ರಿ ಮಷೀನಿನ ಮುಂದ ಕಣ್ಣು ಹತ್ತಿದ್ರ ಕೈ ಹೋಗ್ತದ."

ಅಜ್ಜಿ ನನ್ನ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಹಂಗಾರ ಮಲಕೋ," ಅಂದಳು ಆಮೇಲೆ. "ಅಕಿನೇ ಬಾಗಿಲಾ ತಗೀತಾಳ."

ಹಾಗೆ ಮನೆಯ ಒಂದು ಬೀಗದ ಕೈ ನನ್ನದಾಯಿತು. ಅಜ್ಜಿ ಹೋದ ಮೇಲೆ, ಏಪ್ರಿಲ್ ರಜೆ ಮುಗಿದ ಮೊದಲ ದಿನ ಶಾಲೆಯ ಗೇಟಿನಲ್ಲಿ ಕೋಟು ಹಾಕಿಕೊಂಡ ಯಾರೂ ನಿಂತಿರಲಿಲ್ಲ. ಒಬ್ಬಳೇ ನಡೆದು ಬಂದು, ಸದ್ದಾಗದಂತೆ ಬಾಗಿಲು ತೆರೆದು, ಬೂಟು ಕೈಯಲ್ಲಿ ಹಿಡಿದು ಒಳಗೆ ಹೋದೆ. ನನಗೆ ಬೇಕಾಗಿದ್ದುದು ಸಿಕ್ಕಿತ್ತು. ಅದು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. ಟಿ.ವಿ. ಹಾಕುವಂತಿಲ್ಲ, ನಲ್ಲಿಯನ್ನು ಜೋರಾಗಿ ಬಿಡುವಂತಿಲ್ಲ. ಒಂದು ಕುರ್ಚಿಯಲ್ಲಿ ಕೂತೆ, ಎದ್ದೆ, ಇನ್ನೊಂದರಲ್ಲಿ ಕೂತೆ. ಫ್ರಿಜ್ಜು ತೆರೆದು ನೋಡಿ ಮುಚ್ಚಿದೆ. ಹಿತ್ತಲಿಗೆ ಹೋಗಿ ಬಂದೆ. ಅವ್ವ ಚಹಾದ ಬಿಡುವಿನಲ್ಲಿ ಫೋನ್ ಮಾಡುತ್ತೇನೆ ಅಂದಿದ್ದಳು. ಗಂಟೆ ಬಾರಿಸಿದರೆ ಅಪ್ಪ ಏಳುತ್ತಾನೆಂದು ಫೋನಿನ ಪಕ್ಕ ನೆಲದ ಮೇಲೆ ಕೂತು, ರಿಸೀವರಿನ ಮೇಲೆ ಕೈಯಿಟ್ಟುಕೊಂಡು ಕಾದೆ. ಅದು ಅಂಗೈಯಲ್ಲಿ ನಡುಗಿದ ಕೂಡಲೇ ಎತ್ತಿದೆ.

"ಬಂದೇನು?"

"ಬಂದೆ."

"ಏನ ಮಾಡ್ಲಿಕತ್ತಿ?"

"ಏನಿಲ್ಲ."

"ಏನಿಲ್ಲ ಅಂದ್ರ ಹೆಂಗ? ಮನ್ಯಾಗ ಏನೇನದ, ಹೇಳು."

ನಾನು ಸುತ್ತ ನೋಡಿದೆ. ಪಿಸುಗುಟ್ಟಿದೆ.

"ಕಟ್ಟಿ ಮ್ಯಾಲೆ ಅಪ್ಪನ ಕಪ್ಪದ. ತಳದಾಗ ಕೆನಿ ಒಣಗ್ಯದ."

"ಮತ್ತ?"

"ಬ್ರೆಡ್ಡಿನ ಚೀಲದ ಬಾಯಿ ಕಟ್ಟಿಲ್ಲ. ನೀ ಗಡಿಬಿಡಿ ಒಳಗ ಹೋಗೀದಿ."

"ಹೌದು. ಮತ್ತ?"

"ಹಿತ್ತಲ ಹಗ್ಗದ ಮ್ಯಾಲೆ ಬಟ್ಟಿ ಒಣಗ್ಯಾವ. ಒಂದು ಕಾಲಚೀಲ ಕೆಳಗ ಬಿದ್ದದ. ಅದರ ಮ್ಯಾಲೆ ಬೆಕ್ಕು ಮಲಗೇದ, ಯಾರ ಮನಿದೋ ಗೊತ್ತಿಲ್ಲ."

ಅವಳ ಹಿಂದೆ ಯಂತ್ರಗಳು ಗುಂಯ್ಗುಡುತ್ತಿದ್ದವು. ಯಾರೋ ದೂರದಿಂದ ಅವಳ ಹೆಸರನ್ನು ಅವರ ನಾಲಿಗೆಗೆ ಬಂದಂತೆ ಕೂಗಿದರು. ಅವ್ವ ಓಗೊಡಲಿಲ್ಲ.

"ಮತ್ತ?" ಅಂದಳು.